ಅಪ್ಪನ ಯಾಶಿಕಾ ಲೆನ್ಸಿನೊಳಗೆ ಮಂಜು ಕಟ್ಟಿದೆ, ಮನೆಯಲ್ಲೇ ಒರೆಸಬಹುದಾ?

ಪ್ರಶ್ನೆ: ನಮ್ಮ ಅಪ್ಪಾರು ಹಳೇ ಬಾಗಲಕೋಟೆಯಲ್ಲಿ ಸ್ಟುಡಿಯೋ ಇಟ್ಟಿದ್ರು. ಆಲಮಟ್ಟಿ ಹಿನ್ನೀರು ಬಂದ ಮೇಲೆ ನಾವು ನವನಗರಕ್ಕೆ ಬಂದ್ವಿ, ಸ್ಟುಡಿಯೋ ಮತ್ತೆ ತೆರೀಲಿಲ್ಲ. ಮೇಲೊಂದು ಕೆಳಗೊಂದು ಲೆನ್ಸ್ ಇರುವ ಅವರ ರೋಲ್ ಕ್ಯಾಮೆರಾ, ಯಾಶಿಕಾ ಮ್ಯಾಟ್-124ಜಿ, ಅಂದಿನಿಂದ ಟ್ರಂಕಿನಲ್ಲೇ ಇತ್ತು. ಈಗ ತೆಗೆದು ನೋಡಿದ್ರೆ ಕೆಳಗಿನ ಲೆನ್ಸಿನೊಳಗೆ ಹೊಗೆ ಕೂತ ಹಾಗೆ ಕಾಣುತ್ತೆ. ಹೊರಗೆ ಎಷ್ಟು ಒರೆಸಿದ್ರೂ ಹೋಗ್ತಿಲ್ಲ. ನಾನೇ ಬಿಚ್ಚಿ ಒರೆಸಬಹುದಾ? ಇಲ್ಲಾ ಲೆನ್ಸ್ ಕೆಟ್ಟೇ ಹೋಗಿದೆಯಾ?
(ಶಾಲಾ ಶಿಕ್ಷಕಿ, ನವನಗರ, ಬಾಗಲಕೋಟೆ)

ಅಕ್ಕೋರೆ, ಕೆಟ್ಟಿರಲಿಕ್ಕಿಲ್ಲ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಒಳಗಿನ ಗಾಜಿನ ಮೇಲೆ ಕೂತ ಎಣ್ಣೆಯ ಪೊರೆ. ಕೆಳಗಿನ ಲೆನ್ಸ್ ಬಿಚ್ಚಿ ಅದನ್ನು ಒರೆಸುವುದು ಮನೆಯಲ್ಲಿ ಆಗುವ ಕೆಲಸ. ಮೇಲಿನ ಲೆನ್ಸನ್ನು ಮಾತ್ರ ಮುಟ್ಟಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಿಚ್ಚುವ ಮೊದಲು ಒಳಗೆ ಏನಿದೆ ಅಂತ ನೋಡಬೇಕು. ಕ್ಯಾಮೆರಾದ ಹಿಂದಿನ ಬಾಗಿಲು ಮುಚ್ಚಿ, ರೋಲ್ ಇಲ್ಲದೆಯೇ ಹ್ಯಾಂಡಲ್ ನಿಲ್ಲುವವರೆಗೆ ತಿರುಗಿಸಿ. ಶಟರ್ ಸ್ಪೀಡನ್ನು ಬಿ ಗೆ ಇಡಿ, ಆಗ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ. ಅಪರ್ಚರ್, ಅಂದರೆ ಬೆಳಕು ಬರುವ ತೂತು, ಪೂರ್ತಿ ತೆರೆದ 3.5ಕ್ಕೆ. ಲಾಕ್ ಇರುವ ಕೇಬಲ್ ರಿಲೀಸ್, ಅಂದರೆ ಶಟರ್ ಗುಂಡಿಗೆ ಸಿಕ್ಕಿಸಿ ಒತ್ತುವ ತಂತಿ, ಹಾಕಿ ಒತ್ತಿ, ಲಾಕ್ ಮಾಡಿ. ಈಗ ಶಟರ್ ತೆರೆದೇ ಇರುತ್ತದೆ. ಆಮೇಲೆ ಹಿಂದಿನ ಬಾಗಿಲು ತೆಗೆದು, ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಸ್ವಲ್ಪ ಓರೆಯಾಗಿ ಬ್ಯಾಟರಿ ಬೆಳಕು ಬಿಡಿ. ಮುಂದಿನಿಂದ ಲೆನ್ಸಿನೊಳಗೆ ನೋಡಿ.

ಬಿಸಿ ಚಹಾ ಕುಡಿಯುವಾಗ ಕನ್ನಡಕದ ಮೇಲೆ ಹಬೆ ಕೂರುತ್ತದಲ್ವಾ, ಹಾಗೆ ಒಂದೇ ಸಮನೆ ಬೂದು ಪೊರೆ ಕಂಡರೆ ಅದೇ ಮಂಜು, ಅಂದರೆ ಹೇಜ್. ಸಣ್ಣ ಬೇರುಗಳ ಹಾಗೆ, ಎಳೆ ಎಳೆಯಾಗಿ ಕವಲೊಡೆದು ಹರಡಿದ್ದರೆ ಅದು ಫಂಗಸ್. ಹಿಂದಿನ ಗಾಜಿನಲ್ಲಿ ಅಂಚಿನಿಂದ ಒಳಕ್ಕೆ, ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಬಿದ್ದಾಗ ಕಾಣುವಂಥ ಬಣ್ಣ ಕಂಡರೆ ಎರಡು ಗಾಜಿನ ನಡುವಿನ ಅಂಟು ಬಿಟ್ಟಿದೆ ಅಂತ ಅರ್ಥ. ಕೆನಡಾ ಬಾಲ್ಸಮ್ ಅಂತ ಒಂದು ಮರದ ರಾಳದಿಂದ ಹಳೇ ಲೆನ್ಸುಗಳ ಗಾಜು ಅಂಟಿಸುತ್ತಿದ್ದರು. ಅಂಟು ಬಿಟ್ಟದ್ದನ್ನು ಒರೆಸಿ ಸರಿಮಾಡಲು ಆಗುವುದಿಲ್ಲ, ಅದು ಮನೆಯ ಕೆಲಸವೂ ಅಲ್ಲ. ಇನ್ನು ಅಲ್ಲೊಂದು ಇಲ್ಲೊಂದು ಧೂಳಿನ ಕಣ ಇದ್ದರೆ ಸುಮ್ನೆ ಬಿಟ್ಟುಬಿಡಿ. ಫೋಟೋದಲ್ಲಿ ಅದು ಕಾಣುವುದೇ ಇಲ್ಲ.

ಈ ಮಂಜು ಎಲ್ಲಿಂದ ಬಂತು? ಕ್ಯಾಮೆರಾದ ತಿರುಗುವ, ಜಾರುವ ಭಾಗಗಳಿಗೆ ಕಂಪನಿಯವರೇ ಗ್ರೀಸ್ ಹಾಕಿರುತ್ತಾರೆ. ಹಳೇ ಗ್ರೀಸ್ ಬಿಸಿಲಿಗೆ ಎಣ್ಣೆ ಬಿಡುತ್ತದೆ. ಆ ಎಣ್ಣೆ ನಿಧಾನಕ್ಕೆ ಆವಿಯಾಗಿ, ತಣ್ಣಗಿರುವ ಗಾಜಿನ ಮೇಲೆ ಕೂರುತ್ತದೆ. ಒಂದು ಬೇಸಿಗೆಗೆ ಏನೂ ಗೊತ್ತಾಗುವುದಿಲ್ಲ. ಇಪ್ಪತ್ತು ಬೇಸಿಗೆ ಆದ ಮೇಲೆ ಗೊತ್ತಾಗುತ್ತದೆ. ನಾನು ವಿಜಯಪುರದವನು. ಇಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ನಿಮ್ಮಲ್ಲೂ ಅಷ್ಟೇ. ನಮ್ಮ ಕಡೆಯ ಅಟ್ಟದಿಂದ ಇಳಿದು ನನ್ನ ಕೈಗೆ ಬಂದ ಲೆನ್ಸುಗಳಲ್ಲಿ ಎಣ್ಣೆಯ ಮಂಜೇ ಜಾಸ್ತಿ. ಖಾನಾಪುರ, ಬೆಳಗಾವಿ ಕಡೆಯಿಂದ ಬಂದವುಗಳಲ್ಲಿ ಫಂಗಸ್ ಜಾಸ್ತಿ, ಅಲ್ಲಿ ಮಳೆಗಾಲದ ತೇವ ಹಾಗಿರುತ್ತದೆ. ಒಂದೇ ಮಾದರಿಯ ಕ್ಯಾಮೆರಾ, ರೋಗ ಬೇರೆ ಬೇರೆ.

ಮಂಜು ಇದ್ದರೆ ಫೋಟೋ ಬರುವುದೇ ಇಲ್ಲ ಅಂತಲ್ಲ. ಬೆಳಕು ಬೆನ್ನ ಹಿಂದೆ ಇದ್ದಾಗ ಪರವಾಗಿಲ್ಲ ಅನ್ನುವ ಹಾಗೆ ಬರುತ್ತದೆ. ಎದುರು ಬೆಳಕಿನಲ್ಲಿ ಅದರ ಬಣ್ಣ ಬಯಲಾಗುತ್ತದೆ. ಇಲ್ಲಿ ಇಬ್ರಾಹಿಂ ರೋಜಾದ ಒಳಗೆ ನಿಂತು ಕಲ್ಲಿನ ಜಾಲಂಧ್ರದ ಕಡೆ ಕ್ಯಾಮೆರಾ ಹಿಡಿಯಿರಿ. ಕಲ್ಲಿನಲ್ಲಿ ಕೊರೆದ ಅಕ್ಷರಗಳ ನಡುವಿನ ತೂತುಗಳಿಂದ ಬಿಸಿಲು ಬರುತ್ತಿರುತ್ತದೆ. ಶುದ್ಧ ಲೆನ್ಸಾದರೆ ಕಲ್ಲು ಕಪ್ಪಗೆ, ತೂತು ಬೆಳ್ಳಗೆ, ಎರಡರ ನಡುವೆ ಚೂಪಾದ ಗೆರೆ. ಮಂಜಿನ ಲೆನ್ಸಾದರೆ ಆ ಬಿಳಿ ಬೆಳಕು ಕಲ್ಲಿನ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಹರಡಿ, ಕಪ್ಪು ಭಾಗ ಬೂದು ಬಣ್ಣಕ್ಕೆ ತಿರುಗುತ್ತದೆ. ಲೆನ್ಸ್ ಒರೆಸುವ ಮೊದಲು ಒಂದು, ಒರೆಸಿದ ಮೇಲೆ ಒಂದು, ಅದೇ ಕಿಟಕಿಯದು ತೆಗೆದು ಪಕ್ಕಪಕ್ಕ ಇಟ್ಟು ನೋಡಿದ ದಿನ ನನಗೆ ಈ ಕೆಲಸದ ಹುಚ್ಚು ಹತ್ತಿತು.

ಈಗ ನಿಮ್ಮ ಲೆನ್ಸ್ ಹೇಗಿದೆ ನೋಡೋಣ. 124ಜಿ 1970ರಲ್ಲಿ ಬಂದ ಮಾದರಿ. ಅದರ ಕೆಳಗಿನ ಲೆನ್ಸ್ 80 ಮಿ.ಮೀ. ಯಾಶಿನಾನ್. ಝೈಸ್ ಕಂಪನಿ 1902ರಲ್ಲಿ ತಂದ ಟೆಸ್ಸಾರ್ ಎಂಬ ಲೆನ್ಸಿನ ವಿನ್ಯಾಸವನ್ನೇ ಇದೂ ಅನುಸರಿಸುತ್ತದೆ. ಒಟ್ಟು ನಾಲ್ಕು ಗಾಜು. ಮುಂದೆ ಎರಡು ಬಿಡಿ ಗಾಜು, ನಡುವೆ ಶಟರ್ ಮತ್ತು ಅಪರ್ಚರ್, ಹಿಂದೆ ಅಂಟಿಸಿದ ಜೋಡಿ ಗಾಜು. ಗಾಳಿಗೆ ತೆರೆದ ಮೈ ಆರು. ಎಣ್ಣೆ ಇರುವುದು ಶಟರ್ ಸುತ್ತಮುತ್ತ. ಹಾಗಾಗಿ ಮಂಜು ಕೂರುವುದು ಹೆಚ್ಚಾಗಿ ಶಟರ್ ಕಡೆ ಮುಖ ಮಾಡಿದ ಎರಡು ಮೈ ಮೇಲೆ. ನೀವು ಒರೆಸಬೇಕಾದ್ದೂ ಆ ಎರಡನ್ನೇ. ಬೇರೆಯದನ್ನು ಬಿಚ್ಚುವ ಉಸಾಬರಿ ಬೇಡ.

ಮುಂದಿನ ಗಾಜುಗಳ ಗುಂಪು ಇಡಿಯಾಗಿ ಎಡಕ್ಕೆ ತಿರುಗಿಸಿದರೆ ಹೊರಗೆ ಬರುತ್ತದೆ. ಇಕ್ಕಳ, ಕತ್ತರಿ ತುದಿ ಹಾಕಬೇಡಿ. ನಲ್ಲಿ ಸಾಮಾನಿನ ಅಂಗಡಿಯಲ್ಲಿ ದಪ್ಪ ರಬ್ಬರ್ ವಾಷರ್ ಸಿಗುತ್ತದೆ. ಗಾಜಿಗೆ ತಾಗದ ಹಾಗೆ ಲೋಹದ ಉಂಗುರದ ಮೇಲೆ ಮಾತ್ರ ಕೂರುವ ಅಳತೆಯದು ತನ್ನಿ. ಅದನ್ನು ಒತ್ತಿ ಹಿಡಿದು ತಿರುಗಿಸಿ. ಜಗ್ಗದಿದ್ದರೆ ಜೋರು ಮಾಡಬೇಡಿ. ಕ್ಯಾಮೆರಾದ ಮುಖ ಕೆಳಗೆ ಮಾಡಿ, ಹಲ್ಲುಕಡ್ಡಿಯ ತುದಿಯಿಂದ ಥ್ರೆಡ್ ಸಂದಿಗೆ ಒಂದು ಹನಿ ಐಪಿಎ ಮುಟ್ಟಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ.

ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಮಾಡುವವರು ಬೋರ್ಡ್ ತೊಳೆಯಲು ಇದನ್ನೇ ಬಳಸುತ್ತಾರೆ, ಅವರ ಹತ್ತಿರ ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. 99 ಪರ್ಸೆಂಟ್ ಅಂತ ಬರೆದದ್ದೇ ಬೇಕು. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಒಂದು ಮಂಜು ತೆಗೆದು ಇನ್ನೊಂದು ಮಂಜು ಹಚ್ಚಿದ ಹಾಗೆ. ಥಿನ್ನರ್, ಅಸಿಟೋನ್ ಅಂತೂ ಹತ್ತಿರ ತರಬೇಡಿ, ಬಣ್ಣ ಮತ್ತು ಪ್ಲಾಸ್ಟಿಕ್ ಕರಗುತ್ತದೆ. ಬೆಳ್ಳಿ ಸಾಮಾನಿಗೆ ವಿಭೂತಿ ತಿಕ್ಕಿದ ಹಾಗೆ ಲೆನ್ಸಿಗೆ ಟೂತ್‌ಪೇಸ್ಟ್ ತಿಕ್ಕಿದವರನ್ನೂ ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಯಾಕೆ ಅಂದರೆ ಗಾಜಿನ ಮೇಲೆ ಒಂದು ಲೇಪ ಇದೆ. ಟ್ಯೂಬ್‌ಲೈಟ್ ಕೆಳಗೆ ಲೆನ್ಸ್ ಓರೆ ಮಾಡಿದರೆ ನೇರಳೆ ಅಥವಾ ಜೇನಿನ ಬಣ್ಣದ ಹೊಳಪು ಕಾಣುತ್ತದಲ್ಲ, ಅದೇ. ಲೇಪ ಇಲ್ಲದ ಗಾಜು ಪ್ರತಿ ಮೈಯಲ್ಲೂ ಸುಮಾರು 4 ಪರ್ಸೆಂಟ್ ಬೆಳಕನ್ನು ವಾಪಸ್ ಚಿಮ್ಮಿಸುತ್ತದೆ. ಅದನ್ನು ತಡೆಯಲು 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಲೇಪದ ಪೇಟೆಂಟ್ ಮಾಡಿಸಿದರು. ಆ ಲೇಪದ ದಪ್ಪ ಎಷ್ಟು ಗೊತ್ತಾ? ಒಂದು ಮಿಲಿಮೀಟರನ್ನು 10,000 ಪಾಲು ಮಾಡಿದರೆ ಸುಮಾರು ಒಂದು ಪಾಲು. 1950ರ ಸುಮಾರಿನ ಲೆನ್ಸುಗಳ ಒಳಮೈ ಲೇಪ ಎಷ್ಟು ಮೆತ್ತಗಿರುತ್ತದೆ ಅಂದರೆ ಬಟ್ಟೆಯಲ್ಲಿ ಗಟ್ಟಿಯಾಗಿ ಒರೆಸಿದರೂ ಎದ್ದು ಬರಬಹುದು. ನಿಮ್ಮದು ಅದಕ್ಕಿಂತ ಈಚಿನದು, ಗಟ್ಟಿ. ಆದರೂ ಕೈ ಹಗುರವಾಗಿರಲಿ.

ಒರೆಸುವ ಕ್ರಮ ಇಷ್ಟೇ. ಮೊದಲು ಬ್ಲೋವರ್‌ನಿಂದ ಧೂಳು ಊದಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಲೆನ್ಸ್ ಟಿಶ್ಯೂ ಮಡಚಿ, ಅದರ ಮೇಲೆ ಒಂದು ಹನಿ ಐಪಿಎ ಹಾಕಿ. ಹನಿ ಟಿಶ್ಯೂ ಮೇಲೆ ಬೀಳಬೇಕು, ಗಾಜಿನ ಮೇಲೆ ಬಿದ್ದರೆ ಅಂಚಿನ ಸಂದಿಗೆ ಇಳಿಯುತ್ತದೆ. ನಡುವಿನಿಂದ ಶುರು ಮಾಡಿ, ರಂಗೋಲಿಯ ಸುಳಿ ಬಿಡಿಸಿದ ಹಾಗೆ ಸುತ್ತುತ್ತಾ ಅಂಚಿಗೆ ಬನ್ನಿ. ಒಂದು ಸುತ್ತು ಆದ ಮೇಲೆ ಆ ಟಿಶ್ಯೂ ಎಸೆಯಿರಿ. ಮೊದಲ ಟಿಶ್ಯೂ ಬೆಳಕಿಗೆ ಹಿಡಿದು ನೋಡಿ, ತೆಳು ಹಳದಿ ಕಲೆ ಬಂದಿರುತ್ತದೆ. ನಿಮ್ಮ ಅಪ್ಪಾರ ಸ್ಟುಡಿಯೋ ಕಾಲದ ಗ್ರೀಸ್ ಅದು. ಎರಡನೆಯದರಲ್ಲಿ ಕಡಿಮೆ, ಮೂರನೆಯದು ಬೆಳ್ಳಗೇ ಇರುತ್ತದೆ.

ಹಿಂದಿನ ಜೋಡಿ ಗಾಜನ್ನು ಬಿಚ್ಚುವುದು ಬೇಡ. ಶಟರ್ ತೆರೆದೇ ಇದೆಯಲ್ಲ, ಮುಂದಿನಿಂದಲೇ ಕೈಗೆ ಸಿಗುತ್ತದೆ. ಬಿದಿರು ಕಡ್ಡಿಗೆ ಟಿಶ್ಯೂ ಸುತ್ತಿ, ಹಿಂಡಿದಷ್ಟು ಮಾತ್ರ ಒದ್ದೆ ಮಾಡಿ ಒರೆಸಿ. ಕಡ್ಡಿ ಒಳಗಿದ್ದಾಗ ಕೇಬಲ್ ಲಾಕ್ ಬಿಟ್ಟುಕೊಂಡರೆ ಶಟರ್ ಎಲೆಗಳು ಕಡ್ಡಿಗೆ ಬಡಿದು ಬಾಗುತ್ತವೆ. ಅದಕ್ಕೇ ಲಾಕನ್ನು ಎರಡು ಸಲ ನೋಡಿ ಅನ್ನುವುದು. ಆ ಎಲೆಗಳಿಗೆ ಎಣ್ಣೆ ಸೋಕಬಾರದು, ಬೆರಳೂ ಸೋಕಬಾರದು.

ಐಪಿಎ ಎಣ್ಣೆಯನ್ನು ತೆಗೆಯುತ್ತದೆ, ಉಪ್ಪಿನಂಥ ಕಲೆಯನ್ನು ತೆಗೆಯುವುದಿಲ್ಲ. ಪೊರೆ ಉಳಿದಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಟಿಶ್ಯೂದಿಂದ ಒಮ್ಮೆ, ಮತ್ತೆ ಐಪಿಎಯಿಂದ ಒಮ್ಮೆ. ಫಂಗಸ್ ಇದ್ದರೆ ನಡುವೆ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಮುಟ್ಟಿಸಿ ಒರೆಸಬೇಕು. ಇಷ್ಟಾದ ಮೇಲೂ ಬ್ಯಾಟರಿ ಬೆಳಕಿಗೆ ಬೂದು ಕಾಣುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಪೊರೆ ವರ್ಷಗಟ್ಟಲೆ ಕೂತು ಗಾಜನ್ನೇ ಕೊರೆದಿದೆ ಅಂತ ಅರ್ಥ. ಈಗ ತಿಕ್ಕಿದಷ್ಟೂ ಲೇಪ ಹೋಗುತ್ತದೆ, ಮಂಜು ಹೋಗುವುದಿಲ್ಲ. ಸ್ವಲ್ಪ ಮಂಜು ಉಳಿದ ಲೆನ್ಸಿಗೂ ಮುಂದೆ ಒಂದು ಹುಡ್, ಅಂದರೆ ಅಡ್ಡ ಬೆಳಕು ತಡೆಯುವ ಮರೆ, ಹಾಕಿದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಈಗ ಮೇಲಿನ ಲೆನ್ಸಿನ ಮಾತು. ಅದರಿಂದ ಫೋಟೋ ಬರುವುದಿಲ್ಲ, ನೋಡಿ ಫೋಕಸ್ ಮಾಡಲು ಮಾತ್ರ ಅದು. ಅದಕ್ಕೇ ಜನ ಮೊದಲು ಅದರ ಮೇಲೆ ಕೈ ಪಳಗಿಸಲು ಹೋಗುತ್ತಾರೆ. ನಾನೂ ಹಾಗೇ ಮಾಡಿದ್ದೆ. ತಿರುಗಿಸಿ ತೆಗೆದೆ, ಒರೆಸಿದೆ, ವಾಪಸ್ ಹಾಕಿದೆ, ಕನ್ನಡಿಯಲ್ಲಿ ಚಿತ್ರ ಫಳಫಳ ಕಂಡಿತು. ತಂಗಿಯ ಸೀಮಂತದಲ್ಲಿ ಒಂದು ರೋಲ್ ತೆಗೆದೆ. ಹನ್ನೆರಡಕ್ಕೆ ಹನ್ನೆರಡೂ ಮಸುಕು. ಕೂತ ತಂಗಿ ಮಸುಕು, ಹಿಂದಿನ ಗೋಡೆಯ ಕ್ಯಾಲೆಂಡರ್ ಸ್ಪಷ್ಟ. ಆಗ ಗೊತ್ತಾಯಿತು: ಮೇಲಿನ ಲೆನ್ಸ್ ಎಷ್ಟು ಒಳಗೆ ಕೂತಿದೆ ಅನ್ನುವುದರ ಮೇಲೆಯೇ ಎರಡೂ ಲೆನ್ಸಿನ ಫೋಕಸ್ ಹೊಂದಾಣಿಕೆ ನಿಂತಿದೆ. ಅರ್ಧ ಸುತ್ತು ಹೆಚ್ಚುಕಡಿಮೆ ಆದರೂ ಕಣ್ಣಿಗೆ ಕಂಡದ್ದು ಒಂದು, ಫಿಲ್ಮ್ ಮೇಲೆ ಬೀಳುವುದು ಇನ್ನೊಂದು. ಆ ಫೋಟೋಗಳನ್ನು ಮತ್ತೆ ತೆಗೆಯಲು ಆಗುತ್ತದಾ? ನಿಮಗೆ ಹಾಗಾಗಬಾರದು ಅಂತಲೇ ಮೊದಲಿಗೇ ಹೇಳಿದೆ. ಕೆಳಗಿನ ಲೆನ್ಸಿಗೆ ಆ ಭಯ ಇಲ್ಲ, ಅದನ್ನು ಕೊನೆಯವರೆಗೆ ಬಿಗಿದರೆ ಸಾಕು. ಆದರೆ ಮುಂದಿನ ಗಾಜನ್ನೇ ತಿರುಗಿಸಿ ಫೋಕಸ್ ಮಾಡುವ ಹಳೇ ಮಡಚು ಕ್ಯಾಮೆರಾ ಇರುವವರು ಈ ಲೇಖನ ನೋಡಿಕೊಂಡು ಬಿಚ್ಚಬೇಡಿ, ಅದರ ಲೆಕ್ಕವೇ ಬೇರೆ.

ವಾಪಸ್ ಹಾಕುವಾಗ ಮೊದಲು ಉಲ್ಟಾ, ಅಂದರೆ ಎಡಕ್ಕೆ, ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಟಕ್ ಅಂತ ಇಳಿದ ಹಾಗಾಗುತ್ತದೆ. ಅಲ್ಲಿಂದ ಬಲಕ್ಕೆ ಬಿಗಿಯಿರಿ. ಹೀಗೆ ಮಾಡಿದರೆ ಥ್ರೆಡ್ ಅಡ್ಡ ಹತ್ತುವುದಿಲ್ಲ.

ಕ್ಯಾಮೆರಾವನ್ನು ಮತ್ತೆ ಆ ಟ್ರಂಕಿಗೆ, ನುಸಿ ಗುಳಿಗೆಗಳ ಜೊತೆ ಹಾಕಬೇಡಿ. ಚರ್ಮದ ಕೇಸ್ ತೇವ ಹಿಡಿಯುತ್ತದೆ, ಅದನ್ನು ಬೇರೆ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬಿಸಿಲು ತಾಗದ ಕೆಳಗಿನ ಕಪಾಟು. ತೇವಾಂಶ 40ರಿಂದ 50 ಪರ್ಸೆಂಟ್ ಇದ್ದರೆ ಒಳ್ಳೆಯದು. ತಿಂಗಳಿಗೊಮ್ಮೆ ಹೊರಗೆ ತೆಗೆದು ಶಟರ್ ಹೊಡೆಯಿರಿ.

ರೋಲ್ ಹಾಕುವ ಮೊದಲು ಒಂದು ಕೆಲಸ ಬಾಕಿ ಇದೆ. ಹಿಂದಿನ ಬಾಗಿಲು ತೆಗೆದು, ಫಿಲ್ಮ್ ಕೂರುವ ಚೌಕದ ಮೇಲೆ ಟ್ರೇಸಿಂಗ್ ಪೇಪರನ್ನು ಬಿಗಿಯಾಗಿ ಅಂಟಿಸಿ. ಶಟರ್ ಬಿ ಯಲ್ಲಿ ತೆರೆದಿರಲಿ. ಕಿಟಕಿಯ ಸರಳಿಗೆ ಮೇಲಿನಿಂದ ನೋಡಿ ಫೋಕಸ್ ಮಾಡಿ, ಆಮೇಲೆ ಹಿಂದೆ ಬಂದು ಪೇಪರ್ ನೋಡಿ. ತಲೆಯ ಮೇಲೆ ಟವೆಲ್ ಹೊದ್ದುಕೊಂಡರೆ ಚೆನ್ನಾಗಿ ಕಾಣುತ್ತದೆ. ತಲೆಕೆಳಗಾದ ಸರಳು, ಆಚೆಯ ಮರ, ತಂತಿಯ ಮೇಲೆ ಒಣಗಲು ಹಾಕಿದ ಸೀರೆ, ಎಲ್ಲ ಆ 6 ಸೆಂ.ಮೀ. ಚೌಕದಲ್ಲಿ. ಸರಳು ಚೂಪಾಗಿದ್ದರೆ ರೋಲ್ ಹಾಕಿ. ಘಟಪ್ರಭೆಯ ಹಿನ್ನೀರು ಇಳಿಯುವ ಬೇಸಿಗೆಗೆ ಇನ್ನೂ ದಿನ ಇದೆ. ಅಪ್ಪಾರ ಸ್ಟುಡಿಯೋ ಇದ್ದ ಕಡೆ ಹೋಗುವುದಾದರೆ ಬೆಳಿಗ್ಗೆ ಎಂಟರೊಳಗೆ ಹೋಗಿ, ಹುಡ್ ಮರೆಯಬೇಡಿ. ಹನ್ನೆರಡರಲ್ಲಿ ಒಂದನ್ನಾದರೂ ನೀರಿನ ಎದುರು ಬೆಳಕಿಗೆ ತೆಗೆಯಿರಿ.