ಬಿಲ್ಲುಗಾರನೋ, ಕತ್ತಿಯವನೋ?

ಟೇಬಲ್ ಮೇಲೆ ಪುಟ್ಟ ಸೈನಿಕರ ಬೊಂಬೆ ನಿಲ್ಲಿಸಿ, ಟೇಪು ಹಿಡಿದು ಅಳೆದು, ದಾಳ ಉರುಳಿಸಿ ಆಡುವ ಯುದ್ಧದಾಟ ಗೊತ್ತಲ್ವಾ? ದಸರಾ ಬೊಂಬೆಗಳ ಜೊತೆ ಸಿಪಾಯಿಗಳನ್ನೂ ಸಾಲಾಗಿ ಕೂರಿಸಿ ಬೆಳೆದ ಮೈಸೂರಿನವರಿಗೆ ಇದು ಬೇಗ ಹಿಡಿಸುತ್ತದೆ. ನಮ್ಮ ಸರಸ್ವತಿಪುರಂ ಗುಂಪಿನಲ್ಲಿ ಮುಗಿಯದ ಜಗಳ ಒಂದೇ: ಪಡೆ ಕಟ್ಟಲು ಸಿಗುವ ಪಾಯಿಂಟ್ ಕೊಟ್ಟು ಬಿಲ್ಲುಗಾರನನ್ನು ತಗೋಬೇಕೋ, ಕತ್ತಿಯವನನ್ನೋ?

ದಾಳವನ್ನಷ್ಟೇ ನೋಡಿದರೆ ಇಬ್ಬರೂ ಸಮ. ನಾಲ್ಕು, ಐದು, ಆರು ಬಿದ್ದರೆ ಏಟು ತಗಲಿತು ಅನ್ನೋಣ. ಏಟು ತಿಂದವನು ಉರುಳಿಸುವ ಗುರಾಣಿಯ ದಾಳದಲ್ಲೂ ಅದೇ ಮೂರರಲ್ಲೊಂದು ಬಿದ್ದರೆ ಬಚಾವ್. ಅಂದರೆ ಒಂದು ಸಲ ಹೊಡೆದರೆ ಎದುರಾಳಿ ಸಾಯುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಈಗ 24 ಇಂಚು ದೂರದಲ್ಲಿ ಹತ್ತು ಬಿಲ್ಲುಗಾರರನ್ನು ನಿಲ್ಲಿಸಿ. ಎದುರಿನಿಂದ ಹತ್ತು ಕತ್ತಿಯವರು ಸರದಿಗೆ 6 ಇಂಚಿನಂತೆ ಓಡಿ ಬರಲಿ. 24, 18, 12, 6: ಮುಟ್ಟುವುದರೊಳಗೆ ನಾಲ್ಕು ಸಲ ಬಾಣ. ಸಲಕ್ಕೆ ಸರಾಸರಿ ಎರಡೂವರೆ ಹೆಣ. ನಾಲ್ಕು ಸಲಕ್ಕೆ ಹತ್ತೂ ಮಂದಿ ಖಲಾಸ್! ಕುದುರೆ ಕೊಟ್ಟು 12 ಇಂಚು ಓಡಿಸಿದರೆ ಎರಡೇ ಸಲ ಬಾಣ, ಐವರು ಮುಟ್ಟುತ್ತಾರೆ. ಕತ್ತಿಯವನ ನಿಜವಾದ ಬಲ ಕತ್ತಿಯಲ್ಲಿಲ್ಲ, ಕಾಲಲ್ಲಿದೆ.

ಆದರೆ ದೂರಕ್ಕಿಂತ ದೊಡ್ಡ ಗುಟ್ಟು ಬೇರೆ ಇದೆ. ತನ್ನ ಗುರಿ ಬಿದ್ದ ಕೂಡಲೇ ಬಿಲ್ಲುಗಾರ ಮುಂದಿನವನ ಕಡೆ ತಿರುಗುತ್ತಾನೆ. ಕತ್ತಿಯವನಿಗೆ ಎಟುಕುವುದು ಎದುರು ನಿಂತವನು ಮಾತ್ರ. ಹಿಂದಿನ ಸಾಲಿನವರು ಸುಮ್ನೆ ನಿಂತಿರುತ್ತಾರೆ. ಇದನ್ನು 1914ರಲ್ಲಿ ಲೆಕ್ಕಕ್ಕಿಳಿಸಿದವನು ಕಾರು ಕಟ್ಟುತ್ತಿದ್ದ ಇಂಗ್ಲಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್. ಇಕ್ಕಟ್ಟಿನಲ್ಲಿ ಒಬ್ಬರಿಗೊಬ್ಬರು ಕತ್ತಿ ಹಿಡಿದು ಹತ್ತು ಮಂದಿ ಆರು ಮಂದಿಯ ಮೇಲೆ ಬಿದ್ದರೆ, ಉಳಿಯುವವರು ನಾಲ್ವರು. ಬರೀ ಕಳೆಯುವ ಲೆಕ್ಕ. ಅದೇ ಹತ್ತು ಮಂದಿ ಗುರಿಯಿಟ್ಟು ಹೊಡೆದರೆ ಕಳೆಯಬೇಕಾದ್ದು ವರ್ಗಗಳನ್ನು: 100ರಲ್ಲಿ 36 ಹೋದರೆ 64, ಅದರ ವರ್ಗಮೂಲ 8. ಎಂಟು ಮಂದಿ ಉಳಿಯುತ್ತಾರೆ! ಹಾಗಾಗಿ ಬಿಲ್ಲುಗಾರರನ್ನು ಒಬ್ಬಿಬ್ಬರಂತೆ ಚೆದುರಿಸುವುದು ದಡ್ಡತನ.

ಗುರಿಯಿಲ್ಲದೆ ಹೊಡೆದರೆ ಈ ಲಾಭವಿಲ್ಲ. ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಗುಂಪಿನ ಮೇಲೆ ಬೀಳುವಂಥವು. ಎದುರಿನ ಪಡೆ ತೆಳ್ಳಗಾದಷ್ಟೂ ಖಾಲಿ ನೆಲಕ್ಕೆ ಬೀಳುವುದೇ ಜಾಸ್ತಿ.

ದೂರವನ್ನು ನುಂಗುವ ದಾರಿಯೂ ಇದೆ. ನಮ್ಮ ಪಕ್ಕದ ಶ್ರೀರಂಗಪಟ್ಟಣವನ್ನೇ ನೋಡಿ. 1799ರಲ್ಲಿ ಇಂಗ್ಲಿಷರು ಬಯಲಲ್ಲಿ ಓಡಿ ಬರಲಿಲ್ಲ. ನೆಲ ಅಗೆದು, ಅದರೊಳಗೆ ಬಗ್ಗಿಕೊಂಡು ಹತ್ತಿರ ಬಂದರು. ಫಿರಂಗಿಯಿಂದ ಪಶ್ಚಿಮದ ಗೋಡೆ ಒಡೆದರು. ಮೇ 4ರ ಮಧ್ಯಾಹ್ನ ನೀರು ಕಡಿಮೆಯಿದ್ದ ಕಾವೇರಿಯನ್ನು ದಾಟಿ ಆ ಕಂಡಿಗೆ ನುಗ್ಗಿದರು. ಆಟದ ಲೆಕ್ಕದಲ್ಲಿ ಹೇಳುವುದಾದರೆ, 24 ಇಂಚನ್ನು 6 ಇಂಚು ಮಾಡಿಕೊಂಡರು.

ಟೇಬಲ್ ಮೇಲೆ ಇದಕ್ಕೆ ಥರ್ಮಾಕೋಲ್ ಗುಡ್ಡ ಸಾಕು. ಮಧ್ಯದಲ್ಲಿ ಎರಡಿಟ್ಟರೆ ಬಿಲ್ಲುಗಾರರಿಗೆ ಎದುರಾಳಿ ಕಾಣುವುದೇ ಕೊನೆಯ ಸರದಿಯಲ್ಲಿ. ಆಗ ಅದೇ ಪಾಯಿಂಟಿಗೆ ನಾನು ಕಣ್ಣುಮುಚ್ಚಿ ಕತ್ತಿಯವರನ್ನು ತಗೋತೀನಿ. ಬಟ್ಟ ಬಯಲಾದರೆ ಬಿಲ್ಲೇ, ಅದೂ ಒಂದೇ ಗುಂಪಿನಲ್ಲಿ.