ಹಂಪಿ ಎಕ್ಸ್‌ಪ್ರೆಸ್ ಮಾಡೆಲ್‌ಗೆ ಯಾವ ನೇಮ್‌ಪ್ಲೇಟ್?

ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಡಬ್ಲ್ಯೂಡಿಪಿ-4 ಡೀಸೆಲ್ ಇಂಜಿನ್ನಿನ ಪುಟ್ಟ ಮಾಡೆಲ್ ತರಿಸಿದ್ದೇನೆ. ಅದರ ಪಕ್ಕಕ್ಕೆ 'ಹಂಪಿ ಎಕ್ಸ್‌ಪ್ರೆಸ್' ಅಂತ ಹಿತ್ತಾಳೆ ಪ್ಲೇಟ್ ಮಾಡಿಸಲಾ?"

ಬೇಡ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಹಂಪಿ ಎಕ್ಸ್‌ಪ್ರೆಸ್ ಎನ್ನುವುದು ರೈಲಿನ ಹೆಸರು, ಇಂಜಿನ್ನಿನದಲ್ಲ. ಹುಬ್ಬಳ್ಳಿಯಿಂದ ಬಳ್ಳಾರಿ, ಗುಂತಕಲ್, ಬೆಂಗಳೂರು ದಾಟಿ ಮೈಸೂರಿಗೆ ಹೋಗುವ ಗಾಡಿಗೆ ಇಟ್ಟ ಹೆಸರು. ಇವತ್ತು ಅದನ್ನು ಎಳೆದ ಇಂಜಿನ್ನನ್ನು ನಾಳೆ ಇನ್ನೊಂದು ಗಾಡಿಗೆ ಹೂಡುತ್ತಾರೆ. ಎತ್ತು ಬದಲಾದರೆ ಬಂಡಿ ಬದಲಾಗುತ್ತಾ? ರೈಲಿನ ಹೆಸರು ಬೋಗಿಗಳ ಬೋರ್ಡಿನಲ್ಲಿರುತ್ತದೆ. ಇಂಜಿನ್ ಮೇಲೆ ಕ್ಲಾಸ್ (ಅಂದರೆ ಮಾದರಿ), ನಂಬರ್, ಅದನ್ನು ನೋಡಿಕೊಳ್ಳುವ ಶೆಡ್ಡಿನ ಗುರುತು ಇರುತ್ತವೆ. ಯುಬಿಎಲ್ ಅಂದರೆ ಹುಬ್ಬಳ್ಳಿ ಶೆಡ್, ಜಿವೈ ಅಂದರೆ ಗುತ್ತಿ. ಇವೂ ಹೆಸರಲ್ಲ.

ಇಷ್ಟು ಹೇಳಿದ ಕೂಡಲೇ "ಮತ್ತೆ ಫ್ಲೈಯಿಂಗ್ ಸ್ಕಾಟ್ಸ್‌ಮನ್?" ಅಂತ ಬರುತ್ತದೆ. ಬ್ರಿಟನ್ನಿನ ಒಂದು ರೈಲಿಗೂ ಒಂದು ಸ್ಟೀಮ್ ಇಂಜಿನ್ನಿಗೂ ಇರುವ ಹೆಸರು ಅದು. ಈ ತಪ್ಪು ತಿಳಿವಳಿಕೆ ಹುಟ್ಟಿದ್ದೇ ಅಲ್ಲಿ. ಲಂಡನ್-ಎಡಿನ್‌ಬರೋ ನಡುವೆ ಬೆಳಗ್ಗೆ 10ಕ್ಕೆ ಹೊರಡುವ ಆ ರೈಲು 1862ರಿಂದಲೇ ಓಡುತ್ತಿತ್ತು. ಇಂಜಿನ್ ಡಾಂಕಾಸ್ಟರ್‌ನಲ್ಲಿ ತಯಾರಾದದ್ದು 1923ರಲ್ಲಿ. ಆಗ ಅದರ ನಂಬರ್ 1472, ಹೆಸರೇ ಇರಲಿಲ್ಲ. 1924ರಲ್ಲಿ ವೆಂಬ್ಲಿ ವಸ್ತುಪ್ರದರ್ಶನಕ್ಕೆ ಕಳಿಸುವಾಗ 4472 ಎಂಬ ನಂಬರಿನ ಜೊತೆಗೆ ರೈಲಿನ ಹೆಸರನ್ನೇ ಅದಕ್ಕೂ ಇಟ್ಟರು. 1928ರ ಮೇ 1ರಂದು ಆ ರೈಲಿನ ಮೊದಲ ತಡೆರಹಿತ ಓಟವನ್ನು ಎಳೆದದ್ದು ಇದೇ ಇಂಜಿನ್, ಅದು ನಿಜ. ಆದರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಇಂಜಿನ್‌ಗಳು ಎಳೆದಿವೆ. ಮುಂದೆ ಎ4 ಕ್ಲಾಸಿನ (ಮಲ್ಲಾರ್ಡ್ ಎಂಬ ಹೆಸರಾಂತ ಇಂಜಿನ್ನಿನ ಕ್ಲಾಸು) ಇಂಜಿನ್‌ಗಳೂ ಎಳೆದಿವೆ. ಫೋಟೋಗಳಲ್ಲಿ ಇಂಜಿನ್ನಿನ ಮೂತಿಗೆ ಸಿಕ್ಕಿಸಿದ ಬೋರ್ಡು ನೋಡಿರುತ್ತೀರಿ. ಅದು ರೈಲಿನ ಹೆಸರು, ಬಿಚ್ಚಿ ಇಡುವಂಥದ್ದು. ಪಕ್ಕದಲ್ಲಿ ಚಕ್ರದ ಮೇಲಿನ ಕವಚಕ್ಕೆ ಕೂರಿಸಿದ ಪ್ಲೇಟು ಇಂಜಿನ್ನಿನದು. ಎರಡನ್ನೂ ಒಂದೇ ಅಂತ ತಿಳಿದರೆ ಇಡೀ ಮಾಡೆಲ್ ಸುಳ್ಳಾಗುತ್ತದೆ.

ನಮ್ಮಲ್ಲೂ ಹೆಸರಿದ್ದ ಇಂಜಿನ್‌ಗಳಿವೆ. ಚಿತ್ತರಂಜನ್‌ನಲ್ಲಿ 1950ರಲ್ಲಿ ತಯಾರಾದ ಮೊದಲ ಸ್ಟೀಮ್ ಇಂಜಿನ್ 'ದೇಶಬಂಧು', ಡಬ್ಲ್ಯೂಜಿ 8401. ಆ ಹೆಸರು 8401ಕ್ಕೆ ಮಾತ್ರ. 8402ಕ್ಕೆ ಅಂಟಿಸುವ ಹಾಗಿಲ್ಲ.

ಹೆಸರು, ನಂಬರ್ ಹೊಂದಿದರೂ ಸಾಲದು, ಇಸವಿಯೂ ಹೊಂದಬೇಕು. ಎ4 ಕ್ಲಾಸಿನ 4469 ಮೊದಲು 'ಗ್ಯಾಡ್‌ವಾಲ್', 1939ರಿಂದ 'ಸರ್ ರಾಲ್ಫ್ ವೆಡ್ಜ್‌ವುಡ್'. ಪ್ಲೇಟ್ ಆರ್ಡರ್ ಮಾಡುವ ಮುಂಚೆ ಅದೇ ಇಂಜಿನ್ನಿನ, ನಿಮಗೆ ಬೇಕಾದ ಕಾಲದ ಫೋಟೋ ಒಂದನ್ನು ಹುಡುಕಿ. ಸ್ಕೇಲ್, ಅಂದರೆ ಮಾಡೆಲ್ ನಿಜವಾದ ಇಂಜಿನ್ನಿಗಿಂತ ಎಷ್ಟು ಪಟ್ಟು ಚಿಕ್ಕದು ಅನ್ನುವುದನ್ನೂ ನೋಡಿ. ಬ್ರಿಟಿಷ್ ಓಓ ಅಂದರೆ 1:76, ಎಚ್‌ಓ ಅಂದರೆ 1:87. ಒಂದರ ಪ್ಲೇಟ್ ಇನ್ನೊಂದಕ್ಕೆ ಕೂರುವುದಿಲ್ಲ.

ಯಾರೂ ಕೇಳದ ಒಂದು ವಿಷಯ ಹೇಳಲೇಬೇಕು. ನಮ್ಮ ಕಡೆಯ ಹೆಸರೇ ಬೇಕು ಅನ್ನುವವರಿಗೆ ಸರಿಯಾದ ದಾರಿ ಇದೆ! ಇಂಗ್ಲೆಂಡಿನ ಎಲ್‌ಎಂಎಸ್ ರೈಲ್ವೆ ಕಂಪನಿ 1934ರಿಂದ 1936ರವರೆಗೆ 191 ಜುಬಿಲಿ ಕ್ಲಾಸ್ ಇಂಜಿನ್ ಕಟ್ಟಿಸಿತು. ಅವುಗಳಲ್ಲಿ ಹಲವಕ್ಕೆ ಭಾರತದ ಪ್ರಾಂತ್ಯ, ಸಂಸ್ಥಾನಗಳ ಹೆಸರು: 5575 'ಮದ್ರಾಸ್', 5585 'ಹೈದರಾಬಾದ್', 5586 'ಮೈಸೂರ್'. 1948ರಲ್ಲಿ ಅಲ್ಲಿನ ರೈಲ್ವೆ ಸರ್ಕಾರದ್ದಾದ ಮೇಲೆ ನಂಬರಿನ ಮುಂದೆ ಒಂದು 4 ಸೇರಿತು. ಮೈಸೂರ್ 45586 ಆಯಿತು.

ಬಳ್ಳಾರಿಯವರು ಸುಮ್ನೆ 'ಮೈಸೂರ್' ಪ್ಲೇಟ್ ತರಿಸಿಕೊಳ್ಳುತ್ತಾರೆ. ಆದರೆ ಆ ಇಂಜಿನ್‌ಗಳು ಹೊಸದಾಗಿದ್ದಾಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರಲ್ಲಿ. ರಾಯಚೂರು, ಕೊಪ್ಪಳ ಆಗ ನಿಜಾಮರ ಹೈದರಾಬಾದಿನಲ್ಲಿದ್ದವು. ಅದಕ್ಕೇ ಬಳ್ಳಾರಿಯವನಾದ ನಾನು 5575 'ಮದ್ರಾಸ್' ಕಟ್ಟುತ್ತಿದ್ದೇನೆ. ರಾಯಚೂರಿನ ಗೆಳೆಯರೊಬ್ಬರಿಗೆ 5585ರ ಪ್ಲೇಟ್ ಆರಿಸಿಕೊಟ್ಟಿದ್ದೇನೆ.