ಮೂಳೆ ಚಪ್ಪಲಿಯಲ್ಲ

ಮೂಳೆ ಸವೆತ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಹಳೇ ಚಪ್ಪಲಿ ನೆನಪಾಗುತ್ತದೆ. ನಡೆದೂ ನಡೆದೂ ಹಿಮ್ಮಡಿಯ ಕಡೆ ತೆಳ್ಳಗಾದ ಚಪ್ಪಲಿ. ಕೇಳುವವರ ತಲೆಯಲ್ಲೂ ಅದೇ ಚಿತ್ರ ಮೂಡುತ್ತದೆ. ತೊಂದರೆ ಇರುವುದೇ ಅಲ್ಲಿ.

ಈ ಒಂದು ಪದ ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಚೀಲಕ್ಕೆ ತುರುಕಿದೆ. ಮಂಡಿಯಂಥ ಕಡೆ ಎರಡು ಮೂಳೆ ಸೇರುವಲ್ಲಿ ಇರುವ ಮೆತ್ತನೆಯ ಹಾಸು ಹಾಳಾಗುವುದು ಒಂದು. ಅದು ಕೀಲಿನ ಕಾಯಿಲೆ, ನೋಯುತ್ತದೆ. ಮೂಳೆಯೇ ಒಳಗಿಂದ ಟೊಳ್ಳಾಗುತ್ತಾ ಹೋಗುವುದು ಇನ್ನೊಂದು. ಅದು ಆಸ್ಟಿಯೋಪೊರೋಸಿಸ್. ಅದು ಸದ್ದಿಲ್ಲದೆ ಬೆಳೆಯುತ್ತದೆ. ಸುಮ್ನೆ ಕಾಲು ಜಾರಿ ಕೂತ ದಿನ ಸೊಂಟದ ಹತ್ತಿರ ಮೂಳೆ ಮುರಿದಾಗಲೇ ಎಷ್ಟೋ ಜನಕ್ಕೆ ಗೊತ್ತಾಗುವುದು. ನಾನು ಹೇಳಹೊರಟಿರುವುದು ಈ ಎರಡನೆಯದರ ಕಥೆ.

ಸವೆತ ಎಂದರೆ ಬಳಸಿದಷ್ಟೂ ಕರಗಬೇಕು, ಅಲ್ವಾ? ಇಲ್ಲಿ ಪೂರ್ತಿ ಉಲ್ಟಾ. ಬಾಹ್ಯಾಕಾಶದಲ್ಲಿ ತೂಕವೇ ಇಲ್ಲದೆ ತೇಲುವ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇ 1ರಿಂದ 1.5ರಷ್ಟು ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ಪಾಡೂ ಹಾಗೇ. ಚಿಕ್ಕಂದಿನಿಂದ ಟೆನಿಸ್ ಆಡಿದವರ ಬ್ಯಾಟು ಹಿಡಿಯುವ ಕೈಯ ಮೂಳೆ ಮಾತ್ರ ಇನ್ನೊಂದು ಕೈಗಿಂತ ದಪ್ಪ. ತೊಟ್ಟು ನಡೆದರೆ ದಪ್ಪವಾಗುವ, ಮೂಲೆಗಿಟ್ಟರೆ ತೆಳ್ಳಗಾಗುವ ಚಪ್ಪಲಿಯನ್ನು ಯಾರಾದರೂ ಕಂಡಿದ್ದೀರಾ?

ಹಾಗಾದರೆ ಮೂಳೆ ಎಲ್ಲಿ ಹೋಗುತ್ತದೆ? ಅದನ್ನು ತಿನ್ನುತ್ತಾರೆ. ಹೊರಗಿನವರಲ್ಲ, ನಮ್ಮದೇ ಜೀವಕೋಶಗಳು. ಕದ್ದುಮುಚ್ಚಿಯೂ ಅಲ್ಲ. ಆಜ್ಞೆ ಬಂದ ಮೇಲೆ ಬಂದು, ತೋರಿಸಿದ ಜಾಗದಲ್ಲಿ ಅಗೆಯುತ್ತವೆ.

ಇದರ ಸುಳಿವು ಸಿಕ್ಕಿದ್ದು ಒಂದು ಊಟದ ತಟ್ಟೆಯಲ್ಲಿ. ಲಂಡನ್ನಿನ ಸರ್ಜನ್ ಜಾನ್ ಬೆಲ್ಷಿಯರ್, ಬಟ್ಟೆಗೆ ಅಚ್ಚು ಹಾಕುವವನೊಬ್ಬನ ಮನೆಗೆ ಊಟಕ್ಕೆ ಹೋಗಿದ್ದ. ಬಡಿಸಿದ ಹಂದಿಮಾಂಸದಲ್ಲಿ ಮೂಳೆ ಕೆಂಪಗಿತ್ತು. ವಿಚಾರಿಸಿದರೆ, ಆ ಹಂದಿಗಳು ತಿನ್ನುತ್ತಿದ್ದ ತೌಡಿನಲ್ಲಿ ಬಟ್ಟೆಗೆ ಬಳಸುವ ಕೆಂಪು ಬಣ್ಣ ಸೇರಿತ್ತು. ನಮ್ಮ ಮಂಜಿಷ್ಠದ ಹತ್ತಿರದ ನೆಂಟನಾದ ಒಂದು ಗಿಡದ ಬೇರಿನ ಬಣ್ಣ ಅದು. ಬೆಲ್ಷಿಯರ್ 1736ರಲ್ಲಿ ಇದನ್ನು ಬರೆದು ಪ್ರಕಟಿಸಿದ. ಬಣ್ಣ ಹತ್ತುವುದು ಆಗಷ್ಟೇ ಕಟ್ಟುತ್ತಿರುವ ಮೂಳೆಗೆ ಮಾತ್ರ ಎಂದು ಬೇಗ ತಿಳಿಯಿತು. ಫ್ರಾನ್ಸಿನ ವಿಜ್ಞಾನಿ ದುಹಾಮೆಲ್ ಪ್ರಾಣಿಗಳಿಗೆ ಕೆಲವು ದಿನ ಬಣ್ಣದ ಮೇವು, ಕೆಲವು ದಿನ ಬರೀ ಮೇವು ಕೊಟ್ಟು, ಮರದ ಉಂಗುರಗಳ ಹಾಗೆ ಕೆಂಪು ಬಿಳಿ ಪದರಗಳನ್ನು ಮೂಳೆಯಲ್ಲಿ ಎಬ್ಬಿಸಿದ. ಆಮೇಲೆ ಬಂದ ಸರ್ಜನ್ ಜಾನ್ ಹಂಟರ್‌ನ ಕಣ್ಣು ಬೇರೆ ಕಡೆ ಹೋಯಿತು. ಮೂಳೆ ಹೊರಗಡೆ ಸೇರುತ್ತಾ ಹೋದರೆ ಒಳಗಿನದು ಮಾಯವಾಗುತ್ತಲೂ ಇರಬೇಕು, ಇಲ್ಲದಿದ್ದರೆ ಅದರ ಆಕಾರ ಉಳಿಯುವುದಿಲ್ಲ ಎಂದ. ಇಟ್ಟಿಗೆ ಇಡುವವನನ್ನು ಎಲ್ಲರೂ ನೋಡಿದ್ದರು. ಕೀಳುವವನೂ ಇದ್ದಾನೆ ಎಂದು ಹೊಳೆದದ್ದು ಅವನಿಗೆ.

ಕೀಳುವವನಿಗೆ ಹೆಸರು ಸಿಕ್ಕಿದ್ದು 1873ರಲ್ಲಿ. ಕೊಲಿಕರ್ ಎಂಬ ಅಂಗರಚನಾ ವಿಜ್ಞಾನಿ, ಮೂಳೆಯ ಗುಂಡಿಗಳಲ್ಲಿ ಕೂತಿದ್ದ, ಒಂದೊಂದರಲ್ಲೂ ಹಲವು ನ್ಯೂಕ್ಲಿಯಸ್ ಇದ್ದ ದೈತ್ಯ ಕೋಶಗಳನ್ನು ಮೂಳೆ ಒಡೆಯುವವು ಎಂದು ಕರೆದ. ಈಗಿನ ಹೆಸರು ಆಸ್ಟಿಯೋಕ್ಲಾಸ್ಟ್. ಇವು ಮೂಳೆಯ ಸ್ವಂತ ಮಕ್ಕಳು ಎಂದೇ ಬಹುಕಾಲ ನಂಬಿದ್ದರು. 1970ರ ದಶಕದಲ್ಲಿ ಡೊನಾಲ್ಡ್ ವಾಕರ್, ಮೂಳೆ ಕಲ್ಲಿನಂತೆ ತುಂಬಿಕೊಳ್ಳುವ ಕಾಯಿಲೆ ಇದ್ದ ಇಲಿಯ ರಕ್ತನಾಳಗಳನ್ನು ಆರೋಗ್ಯವಂತ ಇಲಿಯ ಜತೆ ಜೋಡಿಸಿದ. ಕಾಯಿಲೆ ವಾಸಿಯಾಯಿತು. ಅಗೆಯುವವರು ರಕ್ತದಲ್ಲಿ ಹರಿದು ಬಂದಿದ್ದರು. ಅಂದರೆ ಇವು ಬಿಳಿ ರಕ್ತಕಣಗಳ ಕುಲ. ಕ್ರಿಮಿಗಳನ್ನು ನುಂಗುವ ಮ್ಯಾಕ್ರೋಫೇಜ್‌ಗಳ ದಾಯಾದಿಗಳು.

ಇವು ತಿನ್ನುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ನನಗೆ ಅದೆಂದರೆ ಪ್ರಾಣ. ಹಲವು ಪುಟ್ಟ ಕೋಶಗಳು ಒಂದಕ್ಕೊಂದು ಕರಗಿ ಸೇರಿ ಒಂದು ದೊಡ್ಡ ಕೋಶವಾಗುತ್ತದೆ. ಅದು ಮೂಳೆಯ ಮೇಲೆ ಬೋರಲು ಹಾಕಿದ ಬಟ್ಟಲಿನ ಹಾಗೆ ಕೂರುತ್ತದೆ. ಅಂಚು ಎಷ್ಟು ಬಿಗಿ ಎಂದರೆ ಒಳಗಿನದು ಹೊರಗೆ ಹನಿಯುವ ಹಾಗಿಲ್ಲ. ಬಟ್ಟಲಿನ ಒಳಮೈ ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗುತ್ತದೆ. ಆ ನೆರಿಗೆಗಳಲ್ಲಿರುವ ಪಂಪುಗಳು ಆಮ್ಲವನ್ನು ಕೆಳಕ್ಕೆ ಸುರಿಯುತ್ತವೆ. ಅದೂ ಹೈಡ್ರೋಕ್ಲೋರಿಕ್ ಆಮ್ಲ, ನಮ್ಮ ಹೊಟ್ಟೆಯಲ್ಲಿರುವುದೇ. ಅಂದರೆ ಈ ಕೋಶ ತನ್ನ ಹೊಟ್ಟೆಯನ್ನು ಹೊರಗಿಟ್ಟುಕೊಂಡು ಉಣ್ಣುತ್ತದೆ. ಮೂಳೆಯನ್ನು ಕಾಂಕ್ರೀಟ್ ಎಂದುಕೊಳ್ಳಿ. ಆಮ್ಲಕ್ಕೆ ಕರಗುವುದು ಸಿಮೆಂಟು, ಅಂದರೆ ಕ್ಯಾಲ್ಸಿಯಂ ಇರುವ ಖನಿಜ. ಆಗ ಒಳಗಿನ ಸರಳುಗಳು ಬತ್ತಲಾಗುತ್ತವೆ, ಅದು ಕೊಲ್ಯಾಜನ್. ಅದನ್ನು ಕತ್ತರಿಸಲು ಕೆಥೆಪ್ಸಿನ್-ಕೆ ಎಂಬ ಕಿಣ್ವ ಬೇರೆ ಬರುತ್ತದೆ. ಸಿಮೆಂಟಿಗೆ ಒಂದು ಆಯುಧ, ಕಬ್ಬಿಣಕ್ಕೆ ಇನ್ನೊಂದು. ಪುಡಿಯಾದದ್ದನ್ನು ಕೋಶ ತನ್ನ ಮೈಯೊಳಗಿಂದಲೇ ಸಾಗಿಸಿ ಬೆನ್ನ ಕಡೆಯಿಂದ ಹೊರಹಾಕುತ್ತದೆ. ಆಮೇಲೆ ಪಕ್ಕಕ್ಕೆ ಸರಿದು ಮತ್ತೆ ಬೋರಲು.

ಇಷ್ಟು ಓದಿ ಇವು ದುಷ್ಟ ಕೋಶಗಳು ಅಂದುಕೊಳ್ಳಬೇಡಿ. ದಿನಾ ಬೀಳುವ ಭಾರಕ್ಕೆ ಮೂಳೆಯಲ್ಲಿ ಕೂದಲೆಳೆಯ ಬಿರುಕುಗಳು ಏಳುತ್ತವೆ. ಬಿರುಕು ಬಿಟ್ಟದ್ದನ್ನು ಕಿತ್ತರೆ ತಾನೇ ಹೊಸದು ಕಟ್ಟುವುದು? ದೊಡ್ಡವರಲ್ಲಿ ಅಸ್ಥಿಪಂಜರದ ಸುಮಾರು ಹತ್ತರಲ್ಲಿ ಒಂದು ಪಾಲು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಅಗೆದ ಗುಂಡಿಗೆ ಆಸ್ಟಿಯೋಬ್ಲಾಸ್ಟ್ ಎಂಬ ಕಟ್ಟುವ ಕೋಶಗಳು ಬಂದು ತುಂಬುತ್ತವೆ.

ಎಡವಟ್ಟು ಇರುವುದು ಕಾಲದ ಲೆಕ್ಕದಲ್ಲಿ. ಒಂದು ಗುಂಡಿ ಅಗೆಯಲು ಮೂರು ವಾರ ಸಾಕು. ತುಂಬಲು ಮೂರು ನಾಲ್ಕು ತಿಂಗಳು ಬೇಕು. ಒಟ್ಟಿಗೆ ಜಾಸ್ತಿ ಕಡೆ ಅಗೆತ ಶುರುವಾದರೆ, ಕಟ್ಟುವವರು ಎಷ್ಟೇ ಪ್ರಾಮಾಣಿಕರಾದರೂ ತೆರೆದ ಗುಂಡಿಗಳ ಸಂಖ್ಯೆ ಏರುತ್ತದೆ. ಮೂಳೆಯ ಒಳಭಾಗದಲ್ಲಿ ಜೇನುಗೂಡಿನಂತೆ ತೆಳು ಕಂಬಿಗಳ ಜಾಲವಿದೆ. ಗುಂಡಿ ಆಳವಾಗಿ ಒಂದು ಕಂಬಿ ಆಚೆಯಿಂದ ಈಚೆಗೆ ತೂತಾಗಿ ತುಂಡಾದರೆ ಕಥೆ ಮುಗಿಯಿತು. ಕಟ್ಟುವ ಕೋಶಗಳಿಗೆ ನಿಲ್ಲಲು ನೆಲವೇ ಇರುವುದಿಲ್ಲ.

ಅಗೆಯಲು ಹೇಳುವವರು ಯಾರು? ಈ ಪ್ರಶ್ನೆ ವಿಜ್ಞಾನಿಗಳನ್ನು ಬಹಳ ವರ್ಷ ಸತಾಯಿಸಿತು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತದೆ, ಅಗೆತವೂ ಏರುತ್ತದೆ. ವಿಚಿತ್ರವೆಂದರೆ ಆ ಹಾರ್ಮೋನನ್ನು ಹಿಡಿಯುವ ಕೊಂಡಿಗಳು ಕಂಡದ್ದು ಅಗೆಯುವ ಕೋಶದ ಮೇಲಲ್ಲ, ಕಟ್ಟುವ ಕೋಶದ ಮೇಲೆ. 1981ರಲ್ಲಿ ರೋಡಾನ್ ಮತ್ತು ಮಾರ್ಟಿನ್ ಎಂಬ ಇಬ್ಬರು, ಅಗೆತದ ಆಜ್ಞೆ ಹೊರಡುವುದೇ ಕಟ್ಟುವವರಿಂದ ಎಂದು ವಾದಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತೀರಾ? ಇನ್ನೂ ಒಂದು ಕೈ ಮೇಲೆ. ಈ ಬೇಲಿ ತಾನು ಮೇಯುವುದಿಲ್ಲ, ದನಗಳನ್ನು ಕರೆದು ಒಳಗೆ ಬಿಡುತ್ತದೆ.

ಕರೆಯುವ ದನಿ ಯಾವುದು ಎಂದು ಸಿಕ್ಕಿದ್ದು 1997 ಮತ್ತು 1998ರಲ್ಲಿ, ಅದೂ ಹಿಂದುಮುಂದಾಗಿ. ಅಮೆರಿಕದ ಆಮ್ಜೆನ್ ಕಂಪನಿಯವರು ಗುರುತಿಲ್ಲದ ಒಂದು ಪ್ರೊಟೀನನ್ನು ಇಲಿಗಳಲ್ಲಿ ಜಾಸ್ತಿ ಮಾಡಿದಾಗ ಅವುಗಳ ಮೂಳೆ ದಟ್ಟವಾಯಿತು. ಅದಕ್ಕೆ ಮೂಳೆಯ ರಕ್ಷಕ ಎಂಬರ್ಥದ ಆಸ್ಟಿಯೋಪ್ರೊಟೆಜೆರಿನ್ ಎಂಬ ಹೆಸರಿಟ್ಟರು. ಜಪಾನಿನಲ್ಲಿ ಅದೇ ಪ್ರೊಟೀನನ್ನು ಬೇರೆ ದಾರಿಯಲ್ಲಿ ಹಿಡಿದದ್ದು ಸ್ನೋ ಬ್ರಾಂಡ್ ಎಂಬ ಹಾಲಿನ ಕಂಪನಿಯ ಪ್ರಯೋಗಾಲಯ! ಈ ರಕ್ಷಕ ಯಾರ ಬಾಯಿ ಮುಚ್ಚಿಸುತ್ತಿದ್ದಾನೆ ಎಂದು ಹುಡುಕಿದಾಗ ಮರುವರ್ಷ ಸಿಕ್ಕಿತು, ರ‍್ಯಾಂಕ್‌ಎಲ್. ಕಟ್ಟುವ ಕೋಶಗಳು ಈ ಪ್ರೊಟೀನನ್ನು ಮೈಮೇಲೆ ಬಾವುಟದಂತೆ ಏರಿಸುತ್ತವೆ. ಎಳೆಯ ಅಗೆಯುವ ಕೋಶದ ಮೇಲೆ ಅದಕ್ಕೆ ಹೊಂದುವ ಕೊಂಡಿ ಇದೆ. ಎರಡೂ ತಾಗಿದರೆ ಅದು ಬೆಳೆದು, ಬೇರೆಯವುಗಳ ಜತೆ ಸೇರಿ, ಕೆಲಸಕ್ಕಿಳಿಯುತ್ತದೆ. ಆಸ್ಟಿಯೋಪ್ರೊಟೆಜೆರಿನ್ ಬಂದು ಬಾವುಟಕ್ಕೆ ಗವುಸು ಹಾಕಿದರೆ ಆಜ್ಞೆ ಯಾರಿಗೂ ಕಾಣುವುದಿಲ್ಲ.

ತಮಾಷೆ ಎಂದರೆ ರೋಗನಿರೋಧಕ ವ್ಯವಸ್ಥೆಯನ್ನು ಓದುವವರು ಇದೇ ಪ್ರೊಟೀನನ್ನು ಒಂದು ವರ್ಷ ಮುಂಚೆ ತಮ್ಮ ಟಿ ಕೋಶಗಳಲ್ಲಿ ಕಂಡು ತಮ್ಮದೇ ಹೆಸರಿಟ್ಟುಕೊಂಡಿದ್ದರು. 1999ರಲ್ಲಿ ರ‍್ಯಾಂಕ್‌ಎಲ್ ಇಲ್ಲದ ಇಲಿಗಳನ್ನು ಹುಟ್ಟಿಸಿದಾಗ ಎರಡೂ ಕಡೆಯವರು ಸರಿ ಎಂದಾಯಿತು. ಆ ಇಲಿಗಳಲ್ಲಿ ಅಗೆಯುವ ಕೋಶಗಳೇ ಇರಲಿಲ್ಲ. ರೋಗನಿರೋಧಕ ಕೋಶಗಳು ಸೇರುವ ದುಗ್ಧಗ್ರಂಥಿಗಳೂ ಇರಲಿಲ್ಲ. ದವಡೆಯ ಮೂಳೆಯಲ್ಲಿ ದಾರಿ ಅಗೆಯುವವರಿಲ್ಲದೆ ಹಲ್ಲೂ ಹೊರಬರಲಿಲ್ಲ. ಸಂಧಿವಾತದಲ್ಲಿ ಕೀಲಿನ ಪಕ್ಕದ ಮೂಳೆಯನ್ನು ಕೊರೆಯುವವರು ಯಾರು ಎಂಬ ಒಗಟಿಗೂ ಇಲ್ಲೇ ಉತ್ತರದ ದಾರಿ ಸಿಕ್ಕಿತು. ಉರಿಯೂತದಲ್ಲಿ ಕೆರಳಿದ ಕೋಶಗಳೂ ಅದೇ ಬಾವುಟ ಏರಿಸುತ್ತವೆ.

ಈಗ ಮುಟ್ಟು ನಿಲ್ಲುವ ವಯಸ್ಸಿನ ವಿಷಯ. ಈಸ್ಟ್ರೊಜೆನ್ ರ‍್ಯಾಂಕ್‌ಎಲ್ ಅನ್ನು ಹದ್ದುಬಸ್ತಿನಲ್ಲಿ ಇಡುತ್ತದೆ, ಅಗೆಯುವ ಕೋಶಗಳು ಬೇಗ ಸಾಯುವಂತೆಯೂ ಮಾಡುತ್ತದೆ. ಅದು ಇಳಿದರೆ ಬಾವುಟಗಳು ಏರುತ್ತವೆ, ಅಗೆಯುವವರ ಆಯಸ್ಸೂ ಜಾಸ್ತಿಯಾಗುತ್ತದೆ. ಇದು ಹೆಂಗಸರ ಹಾರ್ಮೋನು, ಗಂಡಸರಿಗೆ ಸಂಬಂಧವಿಲ್ಲ ಎನ್ನುವವರಿಗೆ ಒಂದು ಸಂಗತಿ. 1994ರಲ್ಲಿ ವರದಿಯಾದ 28 ವರ್ಷದ ಒಬ್ಬ ಗಂಡಸಿನ ದೇಹಕ್ಕೆ ಈಸ್ಟ್ರೊಜೆನ್ನಿನ ಮಾತು ಕೇಳಿಸುತ್ತಲೇ ಇರಲಿಲ್ಲ, ಕೊಂಡಿಯ ಜೀನ್ ಕೆಟ್ಟಿತ್ತು. ಗಂಡಸರ ಹಾರ್ಮೋನು ಸರಿಯಾಗಿಯೇ ಇತ್ತು. ಆದರೂ ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಿದ್ದ. ಮೂಳೆ ಮಾತ್ರ ಟೊಳ್ಳು.

ಭಾರ ಬಿದ್ದದ್ದು ಮೂಳೆಗೆ ತಿಳಿಯುವುದು ಆಸ್ಟಿಯೋಸೈಟ್‌ಗಳಿಂದ. ಕಟ್ಟುವಾಗ ಗೋಡೆಯೊಳಗೇ ಸಿಕ್ಕಿಬಿದ್ದ ಮೇಸ್ತ್ರಿಗಳು ಇವು. ಮೂಳೆಯ ಕೋಶಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಇವೇ. ದೊಡ್ಡವರ ಮೂಳೆಯಲ್ಲಿ ಅಗೆತದ ಬಾವುಟ ಏರಿಸುವುದು ಮುಖ್ಯವಾಗಿ ಇವೇ ಎಂದು 2011ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಭಾರವಿಲ್ಲದಿದ್ದರೆ ಇವು ಸ್ಕ್ಲೆರೋಸ್ಟಿನ್ ಎಂಬ ಪ್ರೊಟೀನನ್ನು ಬಿಟ್ಟು, ಕಟ್ಟುವ ಕೆಲಸಕ್ಕೂ ಬ್ರೇಕು ಹಾಕುತ್ತವೆ. ಗಗನಯಾತ್ರಿಗಳ ಮೂಳೆಯ ಗುಟ್ಟಿನ ಒಂದು ಎಳೆ ಇಲ್ಲಿದೆ.

ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ನನ್ನ ಅಸಹನೆ ಈಗ ಅರ್ಥವಾದೀತು. ಕ್ಯಾಲ್ಸಿಯಂ ಬೇಡ ಅಂತಲ್ಲ. ಅದೂ ವಿಟಮಿನ್ ಡಿಯೂ ಕಡಿಮೆಯಾದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ ಅಗೆತ ಜೋರಾಗುತ್ತದೆ. ಆದರೆ ಕೊರತೆ ಇಲ್ಲದವರು ಡಬ್ಬಿಗಟ್ಟಲೆ ನುಂಗುವುದು, ಮೇಸ್ತ್ರಿ ಬಾರದ ಜಾಗಕ್ಕೆ ಲಾರಿಗಟ್ಟಲೆ ಇಟ್ಟಿಗೆ ಸುರಿದ ಹಾಗೆ.

ಬಾವುಟಕ್ಕೇ ಗವುಸು ಹಾಕುವ ಮದ್ದು ಬಂದಿದೆ, ಡೆನೊಸುಮ್ಯಾಬ್. ಆರು ತಿಂಗಳಿಗೊಂದು ಇಂಜೆಕ್ಷನ್. 7,868 ಮಹಿಳೆಯರ ಮೇಲೆ ಮೂರು ವರ್ಷ ನಡೆದ ಪರೀಕ್ಷೆಯಲ್ಲಿ ಬೆನ್ನುಮೂಳೆಯ ಹೊಸ ಮುರಿತ ಶೇ 68ರಷ್ಟು ಕಡಿಮೆಯಾಯಿತು. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಒಂದು ಕಿರಿಕಿರಿ ಕಂಡಿತು. ಇಂಜೆಕ್ಷನ್ ನಿಲ್ಲಿಸಿದರೆ ಗಳಿಸಿದ ಮೂಳೆ ದಡಬಡನೆ ಕರಗುತ್ತಿತ್ತು. ಕೆಲವರಿಗೆ ಬೆನ್ನುಮೂಳೆ ಒಂದಲ್ಲ, ಹಲವು ಕಡೆ ಮುರಿಯಿತು. ಅಷ್ಟೊಂದು ಅಗೆಯುವವರು ಇದ್ದಕ್ಕಿದ್ದಂತೆ ಎಲ್ಲಿಂದ ಬಂದರು?

2021ರಲ್ಲಿ ಸಿಡ್ನಿಯ ಗಾರ್ವನ್ ಸಂಸ್ಥೆಯವರು ಜೀವಂತ ಇಲಿಯ ಮೊಣಕಾಲ ಕೆಳಗಿನ ಮೂಳೆಯೊಳಗೆ ನೇರವಾಗಿ ಇಣುಕಿದರು. ಆಸ್ಟಿಯೋಕ್ಲಾಸ್ಟ್ ಕೆಲಸ ಮುಗಿದ ಮೇಲೆ ಸಾಯುತ್ತದೆ ಎಂದು ಪಠ್ಯಗಳು ಹೇಳುತ್ತಿದ್ದವು. ಇಲ್ಲಿ ಅದು ಸಾಯುವ ಬದಲು ಪುಟ್ಟ ಪುಟ್ಟ ಕೋಶಗಳಾಗಿ ಒಡೆಯಿತು. ಅವು ಅಲೆದಾಡಿ ಬೇರೆ ಕಡೆ ಮತ್ತೆ ಕೂಡಿಕೊಂಡವು. ಅವಕ್ಕೆ ಆಸ್ಟಿಯೋಮಾರ್ಫ್ ಎಂದು ಹೆಸರಿಟ್ಟರು. ರ‍್ಯಾಂಕ್‌ಎಲ್ ಅನ್ನು ತಡೆದಾಗ ಇವು ಗುಂಪಾಗಿ ಕಾಯುತ್ತಿದ್ದವು. ತಡೆ ತೆಗೆದರೆ ಒಟ್ಟಿಗೆ ಮುಗಿಬೀಳುತ್ತಿದ್ದವು. ಮನುಷ್ಯರಲ್ಲೂ ಹೀಗೇ ಆಗುತ್ತಿರಬಹುದು ಎಂಬುದು ಅವರ ಊಹೆ.

ಗಳಿಸಿದ ಮೂಳೆ ಹೀಗೆ ಕರಗದಿರಲಿ ಎಂದೇ ಈಗ ಡೆನೊಸುಮ್ಯಾಬ್ ನಿಲ್ಲಿಸುವಾಗ ವೈದ್ಯರು ಸಾಮಾನ್ಯವಾಗಿ ಹಿಂದೆಯೇ ಬಿಸ್‌ಫಾಸ್ಫೊನೇಟ್ ಕೊಡುತ್ತಾರೆ. ಅದು ಮೂಳೆಯ ಖನಿಜಕ್ಕೆ ಅಂಟಿ ಕೂರುತ್ತದೆ. ಅಗೆಯಲು ಬಂದ ಕೋಶ ಮೂಳೆಯ ಜತೆಗೆ ಅದನ್ನೂ ನುಂಗಿ ಕುಸಿಯುತ್ತದೆ. ಈ ಮದ್ದನ್ನು 1960ರ ದಶಕದಲ್ಲಿ ಮೂಳೆಯ ಕಡೆಗೆ ತಂದವನು ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್. ಅದಕ್ಕೂ ಮುಂಚೆ ಇದೇ ಕುಲದ ರಾಸಾಯನಿಕಗಳಿಗೆ ಬೇರೆ ನೌಕರಿ ಇತ್ತು, ನೀರಿನ ಕೊಳವೆಗಳಲ್ಲಿ ಸುಣ್ಣ ಕಟ್ಟದಂತೆ ನೋಡಿಕೊಳ್ಳುವುದು.